ಕೇಳಿದಾಗ ಹೊಯ್ಯುವ ದೋಸೆ, ಕೇಳಿದಾಗ ಅಚ್ಚಾಗುವ ಪುಸ್ತಕ

ದಾವಣಗೆರೆಯ ಬೆಣ್ಣೆದೋಸೆಯ ಅಂಗಡಿಯಲ್ಲಿ ಕುಳಿತು ತಿಂದವರೆಲ್ಲರೂ ಒಂದು ಸಂಗತಿಯನ್ನು ಕಂಡೇ ಇರುತ್ತಾರೆ. ಅಲ್ಲಿ ಯಾರೂ ನಸುಕಿನಲ್ಲೆದ್ದು ಇನ್ನೂರು ದೋಸೆ ಹೊಯ್ದು ಪೇರಿಸಿ ಇಡುವುದಿಲ್ಲ. ಗಿರಾಕಿ ಬಂದು ಕುಳಿತು ಕೇಳಿದ ಮೇಲೆಯೇ ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ. ಅದೇ ಊರಿನ ಕಲ್ಯಾಣಮಂಟಪದ ಅಡುಗೆಮನೆಯ ಕ್ರಮವೇ ಬೇರೆ. ಅಲ್ಲಿ ಸಾವಿರ ಎಲೆಯ ಲೆಕ್ಕ ಹಾಕಿ ಹಿಂದಿನ ರಾತ್ರಿಯೇ ಕೊಪ್ಪರಿಗೆ ಏರಿಸುತ್ತಾರೆ. ಒಲೆ ಹೂಡುವ, ಅಡುಗೆಯವರನ್ನು ಕರೆಸುವ ಖರ್ಚು ನೂರು ಎಲೆಗೂ ಸಾವಿರ ಎಲೆಗೂ ಹೆಚ್ಚು ಕಡಿಮೆ ಒಂದೇ ಆದುದರಿಂದ, ಎಲೆ ಹೆಚ್ಚಿದಷ್ಟೂ ಎಲೆಯೊಂದಕ್ಕೆ ಬೀಳುವ ವೆಚ್ಚ ಇಳಿಯುತ್ತದೆ. ಆದರೆ ಅಂದು ಮಳೆ ಹಿಡಿದು ನೆಂಟರು ಬಾರದೆ ಹೋದರೆ, ಉಳಿದ ಅನ್ನದ ನಷ್ಟ ಪೂರ್ತಿಯಾಗಿ ಮದುವೆಯ ಮನೆಯವರದು.

ಪುಸ್ತಕಗಳಿಗೂ ಇಂಥ ಎರಡು ಅಡುಗೆಮನೆಗಳುಂಟು. ಒಮ್ಮೆಗೇ ಸಾವಿರ ಪ್ರತಿ ಅಚ್ಚುಮಾಡಿಸಿ, ಪೇರಿಸಿಟ್ಟು, ಕೊಳ್ಳುವವರ ದಾರಿ ಕಾಯುವುದು ಹಳೆಯ ಪದ್ಧತಿ. ಕೊಳ್ಳುವವನು ಹಣ ಕೊಟ್ಟು ಕೇಳಿದ ಮೇಲೆ, ಅವನಿಗೆ ಬೇಕಾದ ಒಂದೇ ಪ್ರತಿಯನ್ನು ಅಚ್ಚುಮಾಡಿ ಕಳುಹಿಸುವುದು ಹೊಸ ಪದ್ಧತಿ. ಇದಕ್ಕೆ 'ಪ್ರಿಂಟ್ ಆನ್ ಡಿಮಾಂಡ್' ಎಂದು ಹೆಸರು; ನಾವು 'ಬೇಡಿಕೆ-ಮುದ್ರಣ' ಎನ್ನೋಣ. ಪ್ರಕಾಶಕರ ಆಸರೆಯಿಲ್ಲದೆ ತನ್ನ ಪುಸ್ತಕವನ್ನು ತಾನೇ ಹೊರತರಬೇಕಾದ ಲೇಖಕನು ಯಾವ ಅಡುಗೆಮನೆಗೆ ಹೋಗಬೇಕು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಹರಿಹರದ ಒಬ್ಬ ನಿವೃತ್ತ ಉಪಾಧ್ಯಾಯರು. ಹತ್ತು ವರ್ಷ ತುಂಗಭದ್ರೆಯ ದಡದಲ್ಲಿ ತಿರುಗಿ, ಊರಿನ ಶಾಸನಗಳನ್ನೂ ಹೊಳೆಯ ಘಟ್ಟಗಳನ್ನೂ ಕುರಿತು ಅವರು 160 ಪುಟದ ಪುಸ್ತಕವೊಂದನ್ನು ಬರೆದಿದ್ದರು. ಹರಿಹರವೆಂದರೆ ಶಾಸನಗಳ ಊರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಂಗಳದಲ್ಲಿ ನಿಂತರೆ, ಸುತ್ತಲೂ ಕಲ್ಲೇ ಪುಸ್ತಕ. ಅದಕ್ಕೆ ಪ್ರತಿ ಒಂದೇ. ಓದುವವನೇ ಎದ್ದು ಅಲ್ಲಿಗೆ ಹೋಗಬೇಕು.

"ಪ್ರೆಸ್ಸಿನವರು ಸಾವಿರಕ್ಕೆ ಕಡಿಮೆ ಹಾಕಿಸಿದರೆ ದಂಡ ಎನ್ನುತ್ತಾರೆ. ಮಗಳು, 'ಅಪ್ಪಾ, ಒಂದೂ ಹಾಕಿಸಬೇಡಿ, ಕೇಳಿದವರಿಗೆ ಮಾತ್ರ ಅಚ್ಚಾಗಲಿ' ಎನ್ನುತ್ತಾಳೆ. ನನಗೆ ಇಬ್ಬರ ಮಾತೂ ಸರಿಯೆಂದೇ ತೋರುತ್ತದೆ" ಎಂದರು ಉಪಾಧ್ಯಾಯರು. ಹಣವೆಲ್ಲಿಂದ ಎಂದು ಕೇಳಿದೆ. ಮನೆಯ ಮಾಳಿಗೆಯ ದುರಸ್ತಿಗೆಂದು ಕೂಡಿಟ್ಟದ್ದು ಎಂದರು. ಹೀಗಾಗಿ ಲೆಕ್ಕವನ್ನು ನಾವು ಬಹಳ ಎಚ್ಚರಿಕೆಯಿಂದಲೇ ಮಾಡಬೇಕಾಯಿತು.

ಎರಡು ಯಂತ್ರಗಳ ಸ್ವಭಾವ

ಲೆಕ್ಕಕ್ಕೆ ಮೊದಲು ಯಂತ್ರಗಳ ಸ್ವಭಾವವನ್ನು ತಿಳಿಯುವುದು ಅವಶ್ಯ. ಬೆಲೆಯ ಅಂತರವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಇಂದು ದಾವಣಗೆರೆಯಲ್ಲಿ ಮದುವೆಯ ಕರೆಯೋಲೆಯಿಂದ ಹಿಡಿದು ಪಠ್ಯಪುಸ್ತಕದವರೆಗೆ ಹೆಚ್ಚು ಸಂಖ್ಯೆಯ ಕೆಲಸ ನಡೆಯುವುದು ಆಫ್‌ಸೆಟ್ ಯಂತ್ರದಲ್ಲಿ. ಅದರ ಮೂಲತತ್ತ್ವ ಬಲು ಸರಳ: ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ. ಈ ತತ್ತ್ವವನ್ನು ಮುದ್ರಣಕ್ಕೆ ತಂದವನು ಅಲೋಯಿಸ್ ಸೆನೆಫೆಲ್ಡರ್ ಎಂಬ ಜರ್ಮನ್ ನಾಟಕಕಾರ. ತನ್ನ ನಾಟಕಗಳನ್ನು ಅಚ್ಚುಹಾಕಿಸಲು ಹಣ ಸಾಲದೆ, ಅಗ್ಗದ ಉಪಾಯವೊಂದನ್ನು ಹುಡುಕುತ್ತ 1796ರ ಸುಮಾರಿಗೆ ಅವನು ಕಲ್ಲಚ್ಚನ್ನು ಕಂಡುಹಿಡಿದನು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ನೀರಿನಿಂದ ತೋಯಿಸಿದರೆ, ಬರಹವಿಲ್ಲದ ಕಡೆ ನೀರು ನಿಲ್ಲುತ್ತದೆ. ಆ ಮೇಲೆ ಹಚ್ಚಿದ ಎಣ್ಣೆಮಸಿ ಬರಹದ ಮೇಲೆ ಮಾತ್ರ ಕೂರುತ್ತದೆ. ಸ್ವತಂತ್ರ ಲೇಖಕನೊಬ್ಬನ ಬಡತನವೇ ಆಧುನಿಕ ಮುದ್ರಣದ ತಾಯಿ ಎಂದರೆ ತಪ್ಪಾಗಲಾರದು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಅಚ್ಚಾದದ್ದು ಕಲ್ಲಚ್ಚಿನಲ್ಲಿಯೇ.

ಮುಂದೆ ಕಲ್ಲಿನ ಸ್ಥಾನಕ್ಕೆ ಲೋಹದ ತೆಳು ತಗಡು, ಎಂದರೆ ಪ್ಲೇಟು, ಬಂದಿತು. ಅಮೆರಿಕದ ಐರಾ ರೂಬೆಲ್ ಎಂಬ ಮುದ್ರಕನ ಯಂತ್ರದಲ್ಲಿ 20ನೆಯ ಶತಮಾನದ ಮೊದಲ ವರ್ಷಗಳಲ್ಲೊಮ್ಮೆ ಕಾಗದ ತಪ್ಪಿ, ಬರಹವು ರಬ್ಬರಿನ ಉರುಳೆಯ ಮೇಲೆ ಬಿದ್ದಿತು. ಅಲ್ಲಿಂದ ಮುಂದಿನ ಹಾಳೆಯ ಬೆನ್ನಿಗೆ ಇಳಿಯಿತು. ನೋಡಿದರೆ, ಕಲ್ಲಿನಿಂದ ನೇರವಾಗಿ ಬಿದ್ದ ಅಚ್ಚಿಗಿಂತ ರಬ್ಬರಿನಿಂದ ಇಳಿದದ್ದೇ ಸ್ಫುಟವಾಗಿತ್ತು! ಪ್ಲೇಟಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ ಎಂಬ ಈ ಬಳಸುದಾರಿಯೇ ಆಫ್‌ಸೆಟ್.

ಆಫ್‌ಸೆಟ್ ಯಂತ್ರವೆಂದರೆ ಒಂದೇ ಪಾಠವನ್ನು ಬಾಯಿಪಾಠ ಮಾಡಿದ ಹುಡುಗನಿದ್ದಂತೆ. ಆ ಪಾಠವನ್ನು ಗಂಟೆಗೆ ಸಾವಿರಾರು ಸಲ ತಪ್ಪಿಲ್ಲದೆ ಒಪ್ಪಿಸುತ್ತದೆ. ಬೇರೆ ಪುಟ ಬೇಕೆಂದರೆ ಪ್ಲೇಟನ್ನೇ ಬದಲಿಸಬೇಕು. ನಮ್ಮ ಉಪಾಧ್ಯಾಯರ ಪುಸ್ತಕ ಡೆಮಿ 1/8 ಆಕಾರದ್ದು. ಡೆಮಿ ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಇದಕ್ಕೆ ಒಂದು ಫಾರಂ ಎನ್ನುತ್ತಾರೆ. 160 ಪುಟವೆಂದರೆ 10 ಫಾರಂ. ಹಾಳೆಯ ಮಗ್ಗುಲೊಂದಕ್ಕೆ ಒಂದರಂತೆ 20 ಪ್ಲೇಟು, ಬಣ್ಣದ ಮುಖಪುಟಕ್ಕೆ ಇನ್ನು ನಾಲ್ಕು. ಈ 24 ಪ್ಲೇಟುಗಳನ್ನು ಮಾಡಿಸಿ, ಯಂತ್ರಕ್ಕೆ ಏರಿಸಿ, ನೀರು-ಮಸಿಗಳ ಹದ ಕೂಡುವ ತನಕ ಹತ್ತಾರು ಹಾಳೆ ಕೆಡಿಸುವ ಖರ್ಚು ಮೊದಲ ಪ್ರತಿ ಕೈಗೆ ಬರುವ ಮುನ್ನವೇ ಆಗಿಹೋಗುತ್ತದೆ.

ಬೇಡಿಕೆ-ಮುದ್ರಣದ ಯಂತ್ರದಲ್ಲಿ ಪ್ಲೇಟೇ ಇಲ್ಲ. ಬಾಚಣಿಗೆಯಿಂದ ಒಣಗಿದ ತಲೆಗೂದಲನ್ನು ಬಾಚಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಅಂಟಿಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ಇದೇ ಸ್ಥಿರವಿದ್ಯುತ್ತಿನಿಂದ ಅಕ್ಷರ ಮೂಡಿಸಬಹುದೆಂದು ತೋರಿಸಿದವನು ಚೆಸ್ಟರ್ ಕಾರ್ಲ್‌ಸನ್. ಪೇಟೆಂಟು ವಿಭಾಗದ ಕೆಲಸದಲ್ಲಿ ನಕಲು ತೆಗೆದು ತೆಗೆದು ಬೇಸತ್ತಿದ್ದ ಈತ, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯ ಎಂಬಲ್ಲಿ ಪ್ರಯೋಗಕ್ಕೆ ಕುಳಿತನು. ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ, ಬರಹವಿದ್ದ ಗಾಜಿನ ಮೂಲಕ ಬೆಳಕು ಹಾಯಿಸಿ, ಸಣ್ಣ ಪುಡಿಯನ್ನು ಉದುರಿಸಲಾಯಿತು. ಬೆಳಕು ಬಿದ್ದೆಡೆ ವಿದ್ಯುದಂಶ ಅಳಿದಿತ್ತು. ನೆರಳು ಬಿದ್ದ ಅಕ್ಷರಗಳಿಗೆ ಮಾತ್ರ ಪುಡಿ ಅಂಟಿತು. ಗಾಜಿನ ಮೇಲೆ ಬರೆದಿದ್ದುದು ಆ ದಿನದ ತಾರೀಖು ಮತ್ತು ಊರಿನ ಹೆಸರು, ಅಷ್ಟೆ. ಇಂದಿನ ಯಂತ್ರದಲ್ಲಿ ಗಂಧಕದ ತಗಡಿನ ಬದಲು ಬೆಳಕಿಗೆ ಸ್ಪಂದಿಸುವ ಉರುಳೆಯಿದೆ, ದೀಪದ ಬದಲು ಲೇಸರ್ ಕಿರಣವಿದೆ. ಪುಡಿಯನ್ನು ಶಾಖದಿಂದ ಕರಗಿಸಿ ಕಾಗದಕ್ಕೆ ಬೆಸೆಯುತ್ತಾರೆ.

ಉರುಳೆಯ ಒಂದೊಂದು ಸುತ್ತಿಗೂ ಹಿಂದಿನದು ಅಳಿಸಿ ಹೊಸ ಚಿತ್ರ ಮೂಡುವುದರಿಂದ, ಮೊದಲನೆಯ ಪುಟದ ಹಿಂದೆಯೇ ಎರಡನೆಯದು, ಮೂರನೆಯದು ಎಂದು ಇಡೀ ಪುಸ್ತಕ ಸಾಲಾಗಿ ಹೊರಬೀಳುತ್ತದೆ. ಹತ್ತನೆಯ ಪ್ರತಿಗೂ ಸಾವಿರದ ಪ್ರತಿಗೂ ತಗಲುವ ಖರ್ಚು ಒಂದೇ. 1990ರಲ್ಲಿ ಜೆರಾಕ್ಸ್ ಕಂಪನಿಯು ಡಾಕ್ಯುಟೆಕ್ ಎಂಬ ಯಂತ್ರವನ್ನು ತಂದಿತು. 1997ರಲ್ಲಿ ಅಮೆರಿಕದ ಇಂಗ್ರಾಮ್ ಎಂಬ ಪುಸ್ತಕ ಸಗಟು ಸಂಸ್ಥೆಯು ಇಂಥ ಯಂತ್ರಗಳಿಂದ ಬಿಡಿಪ್ರತಿಗಳ ವ್ಯಾಪಾರಕ್ಕೇ ಇಳಿಯಿತು. ನಮ್ಮ ಬೆಂಗಳೂರಿನಲ್ಲಿ 2008ರಲ್ಲಿ 'ಪೋಥಿ' ಎಂಬ ಸಂಸ್ಥೆ ಈ ಕೆಲಸವನ್ನು ಆರಂಭಿಸಿತು.

ಮಾಳಿಗೆಯ ಹಣದ ಲೆಕ್ಕ

ಉಪಾಧ್ಯಾಯರು ತಂದಿದ್ದ ಅಂದಾಜುಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಕಾಗದದ ಬೆಲೆಯಂತೆ ಇವು ಏರಿಳಿಯುತ್ತವೆ. ಲೆಕ್ಕದ ರೀತಿ ಮಾತ್ರ ಬದಲಾಗದು. ಅಕ್ಷರಜೋಡಣೆ, ಕರಡು ತಿದ್ದುವಿಕೆ, ಮುಖಪುಟದ ಚಿತ್ರ, ಇವುಗಳ ಖರ್ಚು ಎರಡು ಪದ್ಧತಿಗೂ ಸಮವಾದುದರಿಂದ ಅವನ್ನು ಬದಿಗಿಟ್ಟೆವು. ಆಫ್‌ಸೆಟ್ಟಿಗೆ ಪ್ಲೇಟು ಮತ್ತು ಸಿದ್ಧತೆಯ ಖರ್ಚು 12,000 ರೂಪಾಯಿ. ಆ ಮೇಲೆ ಕಾಗದ, ಮಸಿ, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ 40. ಬೇಡಿಕೆ-ಮುದ್ರಣಕ್ಕೆ ಮೊದಲ ಖರ್ಚಿಲ್ಲ, ಪ್ರತಿಯೊಂದಕ್ಕೆ 100.

ಪ್ರತಿಗೆ 60 ರೂಪಾಯಿಯ ವ್ಯತ್ಯಾಸ. 12,000ವನ್ನು 60ರಿಂದ ಭಾಗಿಸಿದರೆ 200. ಎಂದರೆ 200 ಪ್ರತಿಗೆ ಎರಡೂ ಸಮ. ಅದಕ್ಕಿಂತ ಹೆಚ್ಚು ಬೇಕಾದರೆ ಆಫ್‌ಸೆಟ್ ಅಗ್ಗ. ಸಾವಿರ ಹಾಕಿಸಿದರೆ ಒಟ್ಟು 52,000, ಪ್ರತಿಗೆ 52 ರೂಪಾಯಿ ಮಾತ್ರ. ಪ್ರೆಸ್ಸಿನವರ ವಾದ ಇದೇ. ಅದರಲ್ಲಿ ಸುಳ್ಳೇನೂ ಇಲ್ಲ.

ಆದರೆ ಇಲ್ಲೊಂದು ಮೋಸವಿದೆ. ಪ್ರೆಸ್ಸಿನವರು ಎಣಿಸುವುದು ಅಚ್ಚಾದ ಪ್ರತಿಗಳನ್ನು. ಲೇಖಕನು ಎಣಿಸಬೇಕಾದುದು ಮಾರಿದ ಪ್ರತಿಗಳನ್ನು. ಸಾವಿರ ಅಚ್ಚಾಗಿ ಇನ್ನೂರೇ ಮಾರಿದರೆ, ಮಾರಿದ ಪ್ರತಿಯೊಂದಕ್ಕೆ ಬಿದ್ದ ಖರ್ಚು 52 ಅಲ್ಲ, 260! 52,000ವನ್ನು 100ರಿಂದ ಭಾಗಿಸಿ ನೋಡಿ: ಸಾವಿರದಲ್ಲಿ 520 ಮಾರಿದ ಮೇಲೆಯೇ ಆಫ್‌ಸೆಟ್ ಮುಂದಾಗುವುದು. 300 ಮಾತ್ರ ಹಾಕಿಸಿದರೆ ಒಟ್ಟು ಖರ್ಚು 24,000. ಆಗ 240 ಮಾರಬೇಕು. ಯಾವುದು ಅಗ್ಗವೆಂಬ ಪ್ರಶ್ನೆಗೆ ಯಂತ್ರ ಉತ್ತರ ಹೇಳಲಾರದು. ಎಷ್ಟು ಜನ ಓದುವರೆಂಬುದು ತಿಳಿಯುವ ತನಕ ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಈ ಪಾಠವನ್ನು ನಾನು ಕಲಿತದ್ದು ಕಾಸು ಕೊಟ್ಟು. ಹಿಂದೊಮ್ಮೆ ನನ್ನ ಚಿಕ್ಕ ಪುಸ್ತಕವೊಂದನ್ನು ಸಾವಿರ ಪ್ರತಿ ಹಾಕಿಸಿದ್ದೆ. ನಾನೂರು ಹೇಗೋ ಹೋದವು. ಅದರಲ್ಲಿಯೂ ಅರ್ಧ ಮದುವೆಮನೆಗಳ ಉಡುಗೊರೆ. ಉಳಿದ ಆರುನೂರನ್ನು ಅಟ್ಟದ ಮೇಲೆ ಮೊದಲು ಓದಿ ಮುಗಿಸಿದ್ದು ಗೆದ್ದಲು. 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ; ಸಾವಿರಕ್ಕೆ ಹತ್ತಿರ ಹತ್ತಿರ ಎರಡು ಕ್ವಿಂಟಲ್. ಎರಡು ಕ್ವಿಂಟಲ್ ಮೆಕ್ಕೆಜೋಳವಾದರೆ ದಾವಣಗೆರೆಯ ಮಾರುಕಟ್ಟೆಯಲ್ಲಿ ಒಂದು ಬೆಳಗಿನಲ್ಲಿ ಹೋಗುತ್ತದೆ.

ಓದುಗನನ್ನು ಹುಡುಕಿದವರು

ಸಾವಿರವೆಂಬ ಸಂಖ್ಯೆಗೂ ಕನ್ನಡಕ್ಕೂ ನಂಟು ಹಳೆಯದು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಲ್ಲಿ ಮಾರಾಟದ ಚಿಂತೆಯಿರಲಿಲ್ಲ, ಅದು ಶಾಸ್ತ್ರದಾನ. ಮಾರಾಟದ ಚಿಂತೆ ಹೊತ್ತವರಲ್ಲಿ ನೆನೆಯಬೇಕಾದವರು ಗಳಗನಾಥರು. ಹರಿಹರವನ್ನು ದಾಟಿ ಹರಿದ ತುಂಗಭದ್ರೆಯು ಕೆಳಗೆ ವರದಾ ನದಿಯನ್ನು ಕೂಡಿಕೊಳ್ಳುವ ಗಳಗನಾಥವೇ ಅವರ ಊರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಈ ಕಾದಂಬರಿಕಾರರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗೆ ಯಂತ್ರದ ಕೊರತೆಯಿರಲಿಲ್ಲ. ಓದುಗರಿರುವ ಮನೆಯ ಬಾಗಿಲು ಎಲ್ಲಿದೆ ಎಂಬುದು ಗೊತ್ತಾಗಬೇಕಿತ್ತು, ಅದಕ್ಕೆ ನಡೆದರು.

1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಇನ್ನೊಂದು ದಾರಿ ತೋರಿಸಿತು. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಬರುತ್ತಿದ್ದವು. ಅಚ್ಚಿಗೆ ಮೊದಲೇ ಓದುಗರ ಎಣಿಕೆ ಕೈಯಲ್ಲಿರುವುದರಿಂದ, ಪದ್ಧತಿ ಹಳೆಯದಾದರೂ ಬೇಡಿಕೆ-ಮುದ್ರಣದ ಜಾಣತನ ಅದರಲ್ಲಿತ್ತು.

ಬೇಡಿಕೆ-ಮುದ್ರಣವು ಗಳಗನಾಥರ ತಲೆಯ ಹೊರೆಯನ್ನು ಇಳಿಸುತ್ತದೆ. ಅವರ ಕಾಲ್ನಡಿಗೆಯನ್ನು ತಪ್ಪಿಸಲಾರದು. ಕಂಪ್ಯೂಟರಿನ ಪಟ್ಟಿಯಲ್ಲಿ ಲಕ್ಷ ಪುಸ್ತಕಗಳ ನಡುವೆ ನಿಮ್ಮದೂ ಒಂದು ಸೇರಿತೆಂದರೆ ಯಾರೋ ಅದನ್ನು ಕೇಳಿದರೆಂದು ಅರ್ಥವಲ್ಲ. ಯಾರೂ ಕೇಳದಿದ್ದರೆ ನಷ್ಟವೂ ಇಲ್ಲ, ಪುಸ್ತಕವೂ ಇಲ್ಲ! ಒಳ್ಳೆಯ ಪ್ರಕಾಶಕನು ತನ್ನ ಹಣ ಹೂಡಿ, ತಿದ್ದಿ, ಅಂಗಡಿಗಳಿಗೆ ತಲುಪಿಸಿ, ಲೇಖಕನಿಗೆ ರೂಢಿಯಂತೆ ಬೆಲೆಯ ನೂರಕ್ಕೆ ಹತ್ತರಷ್ಟು ಗೌರವಧನ ಕೊಡುತ್ತಾನೆ. ಹತ್ತೇ ಎಂದು ಮೂಗು ಮುರಿಯುವ ಎಳೆಯ ಲೇಖಕರನ್ನು ಕಂಡಿದ್ದೇನೆ. ಉಳಿದ ತೊಂಬತ್ತರಲ್ಲಿ ಅಂಗಡಿಯವನ ಪಾಲು, ಅಚ್ಚಿನ ಖರ್ಚು, ಮಾರದೆ ಉಳಿಯುವ ಪ್ರತಿಗಳ ಅಪಾಯ ಇವೆಲ್ಲವೂ ಇವೆಯೆಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಡಿಕೆ-ಮುದ್ರಣದಲ್ಲಿ ಆ ಅಪಾಯವಿಲ್ಲ ನಿಜ, ಆದರೆ ಬೆಲೆ ಏರುತ್ತದೆ. 150ಕ್ಕೆ ಮಾರಬಹುದಾದ ಪುಸ್ತಕಕ್ಕೆ 200 ಇಡಬೇಕಾಗುತ್ತದೆ. ಆ 50 ರೂಪಾಯಿ ನಿಮ್ಮಂಥ ವಿದ್ಯಾರ್ಥಿಯ ಕಿಸೆಯಿಂದ ಹೋಗತಕ್ಕದ್ದು.

ಇನ್ನು ಗ್ರಂಥಾಲಯಗಳ ಮಾತು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಆಯ್ದ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯುಂಟು. ಬೆಲೆಯನ್ನು ಪುಟದ ಲೆಕ್ಕದಲ್ಲಿ ಗೊತ್ತುಪಡಿಸುತ್ತಾರೆ. ನೂರಾರು ಪ್ರತಿ ಒಮ್ಮೆಗೇ ಬೇಕಾಗುವ ಇಂಥ ಕಡೆ ಆಫ್‌ಸೆಟ್ಟೇ ಸರಿ. ಆದರೆ ಆಯ್ಕೆಯಾದೀತೆಂಬ ಭರವಸೆಯ ಮೇಲೆ ಮಾಳಿಗೆಯ ಹಣ ಹೂಡುವುದು ವಿವೇಕವಲ್ಲವೆಂದು ಉಪಾಧ್ಯಾಯರಿಗೆ ಹೇಳಿದೆ. 1993ರಲ್ಲಿ ಸ್ಥಾಪಿತವಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಎಪ್ಪತ್ತು ದಾಟಿದ ನಮ್ಮ ಚೊಚ್ಚಲ ಲೇಖಕರಿಗೆ ಅದು ಒದಗುವಂತಿರಲಿಲ್ಲ. ಈ ಪುಟ ಓದುವವರಲ್ಲಿ ಕೆಲವರಿಗೆ ಒದಗೀತು.

ತಾನೇ ಪ್ರಕಾಶಕನಾಗುವವನು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುಸ್ತಕದ ಬೆನ್ನಿಗಿರುವ 13 ಅಂಕಿಗಳ ಐ.ಎಸ್.ಬಿ.ಎನ್. ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತದೆ. ಅದಕ್ಕೆ ಯಾರಾದರೂ ಹಣ ಕೇಳಿದರೆ ಎಚ್ಚರವಾಗಿರಿ. 1954ರ ಕಾನೂನಿನಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ಅಟ್ಟದ ಗೆದ್ದಲಿನಿಂದ ನನ್ನ ಪುಸ್ತಕವನ್ನು ಉಳಿಸಿದ್ದು ಈ ನಾಲ್ಕು ಪ್ರತಿಗಳೇ. ಅಂಚೆಯ ಹಳೆಯ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ. ಆರಂಭದ ದರದಂತೆ 300 ಗ್ರಾಮಿನವರೆಗೆ 20 ರೂಪಾಯಿ, ತೆರಿಗೆ ಬೇರೆ. ಬೇಡಿಕೆ-ಮುದ್ರಣದ ಸಂಸ್ಥೆಗಳೊಡನೆ ಒಪ್ಪಂದಕ್ಕೆ ಸಹಿಹಾಕುವಾಗ, ಹಕ್ಕು ನಿಮ್ಮಲ್ಲಿಯೇ ಉಳಿಯುವುದೇ, ಬೇಕೆಂದಾಗ ಬೇರೆಡೆ ಅಚ್ಚುಹಾಕಿಸಬಹುದೇ ಎಂಬುದನ್ನು ಓದಿಕೊಳ್ಳಿ. 'ಪ್ಯಾಕೇಜ್' ಎಂಬ ಹೆಸರಿನಲ್ಲಿ ಮೊದಲೇ ದೊಡ್ಡ ಮೊತ್ತ ಕೇಳುವ ಕಡೆ, ಮಾರಾಟದ ಅಪಾಯ ಮತ್ತೆ ಲೇಖಕನ ತಲೆಗೇ ಬಂದಿದೆ ಎಂದು ತಿಳಿಯಿರಿ.

ಕನ್ನಡಕ್ಕೆ ಸಂಬಂಧಿಸಿದ ತೊಡಕೂ ಒಂದಿದೆ. ಹಳೆಯ ಅಕ್ಷರಜೋಡಣೆಯ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಪೀಠದ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಾಗದದ ಮೇಲೆ ಅದು ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಮಾತ್ರ ಕನ್ನಡ ಸಿಕ್ಕುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಿಕ್ಕುತ್ತವೆ. ಆದುದರಿಂದ ಪುಸ್ತಕವನ್ನು ಯೂನಿಕೋಡ್ ಕ್ರಮದಲ್ಲಿಯೇ ಜೋಡಿಸಿಕೊಡಿರೆಂದು ಡಿ.ಟಿ.ಪಿ.ಯವರಿಗೆ ಮೊದಲೇ ಹೇಳಬೇಕು.

ಹೆಸರುಗಳ ಪಟ್ಟಿ

"ಮೇಷ್ಟ್ರೇ, ನಿಮ್ಮ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವವರೆಷ್ಟು?" ಎಂದು ಕೇಳಿದಾಗ ಅವರು, "ಹರಿಹರ, ದಾವಣಗೆರೆ ಸೇರಿ ಐನೂರಕ್ಕೆ ಮೋಸವಿಲ್ಲ" ಎಂದರು. ಹೆಸರು ಹಿಡಿದು ಬರೆಯಿರಿ ಎಂದೆ. ಅವರು ನೋಟುಬುಕ್ಕು ತೆಗೆದರು. ಹಳೆಯ ಶಿಷ್ಯರು, ಸಹೋದ್ಯೋಗಿಗಳು, ದಾವಣಗೆರೆಯ ಕಾಲೇಜುಗಳ ಇತಿಹಾಸದ ಅಧ್ಯಾಪಕರು, ದೇವಸ್ಥಾನದ ಬೀದಿಯ ಅಂಗಡಿಯವರು, ಬೆಂಗಳೂರಿನಲ್ಲಿ ನೆಲೆಸಿದ ಹರಿಹರದವರು. ಮೂರು ದಿನ ಬರೆದರು. ಪಟ್ಟಿ 163ಕ್ಕೆ ನಿಂತಿತು. ಮುಖ ಸಣ್ಣದಾಯಿತು.

163 ಎಂಬುದು 200ಕ್ಕಿಂತ ಕಡಿಮೆ. ಲೆಕ್ಕವೇ ದಾರಿ ತೋರಿಸಿತು. ಆದರೆ ಒಂದೊಂದಾಗಿ ಅಚ್ಚುಮಾಡಿ ದೂರದಿಂದ ತರಿಸುವ ಅಗತ್ಯವೂ ಇರಲಿಲ್ಲ. ಕೊಳ್ಳುವವರಲ್ಲಿ ಹೆಚ್ಚಿನವರು ಹದಿನೈದು ಕಿಲೋಮೀಟರಿನ ಅಳತೆಯೊಳಗೇ ಇದ್ದರು. ದಾವಣಗೆರೆಯಲ್ಲಿಯೇ ಪ್ಲೇಟಿಲ್ಲದ ಯಂತ್ರವಿದ್ದ ಒಂದು ಕಡೆ ಹೆಚ್ಚು ಕಡಿಮೆ ಅದೇ ದರಕ್ಕೆ 100 ಪ್ರತಿ ಹಾಕಿಸಿದರು. 10,000 ರೂಪಾಯಿ ಖರ್ಚಾಯಿತು. ಮಾಳಿಗೆಯ ಹಣದಲ್ಲಿ ಹೆಚ್ಚಿನ ಪಾಲು ಮಾಳಿಗೆಗೇ ಉಳಿಯಿತು. ದೂರದವರಿಗೆಂದು ಮಗಳು ಅದೇ ಪುಟಗಳನ್ನು ಬೇಡಿಕೆ-ಮುದ್ರಣದ ಸಂಸ್ಥೆಯೊಂದರಲ್ಲಿಯೂ ಇರಿಸಿದಳು.

ನೂರು ಪ್ರತಿ ಏಳು ವಾರದಲ್ಲಿ ಮುಗಿದವು. ಅಷ್ಟರಲ್ಲಿ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, 47ನೆಯ ಪುಟದಲ್ಲಿ ಶಾಸನವೊಂದರ ಕಾಲ ತಪ್ಪಾಗಿದೆಯೆಂದು ತೋರಿಸಿದನು. ಶಕವರ್ಷಕ್ಕೆ 78 ಕೂಡಿಸಬೇಕಾದಲ್ಲಿ ಮೇಷ್ಟ್ರು 87 ಕೂಡಿಸಿದ್ದರು! ಸಾವಿರ ಪ್ರತಿ ಅಟ್ಟದಲ್ಲಿದ್ದಿದ್ದರೆ ಸಾವಿರಕ್ಕೂ ತಪ್ಪು-ಒಪ್ಪುಗಳ ಚೀಟಿ ಅಂಟಿಸಬೇಕಾಗುತ್ತಿತ್ತು. ಈಗ ಎರಡನೆಯ ಕಂತಿನ 60 ಪ್ರತಿಗಳಿಗೆ ಮೊದಲೇ ಆ ಸಾಲನ್ನು ತಿದ್ದಿ ಕೊಟ್ಟರು. ಮೊದಲ ನೂರನ್ನು ಕೊಂಡವರು ಯಾರು ಯಾರೆಂಬುದು ನೋಟುಬುಕ್ಕಿನಲ್ಲಿಯೇ ಇತ್ತು. ಸಂಜೆಯ ಹೊತ್ತು ಕೊಡೆ ಹಿಡಿದು ಒಂದೊಂದು ಮನೆಗೆ ಹೋಗಿ, ತಮ್ಮ ಪೆನ್ನಿನಿಂದ ಆ ಎರಡು ಅಂಕಿಗಳನ್ನು ತಿದ್ದಿ, ಪಕ್ಕದಲ್ಲಿ ರುಜು ಹಾಕಿ ಬರುತ್ತಿದ್ದಾರೆ. ಕಳೆದ ವಾರ ಕಂಡಾಗ ಇನ್ನು ಹನ್ನೊಂದು ಮನೆ ಉಳಿದಿವೆ ಎಂದರು.